ತಲೆಯಾಡಿಸುತ್ತ ಬರೆದುಕೊಂಡ ಕ್ರಾಂತಿಗಳು

ಆ ಫೋನು ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ವೆಲ್ಲಿಂಗ್ಟನ್ ಪಕ್ಕದ ಈ ಪೊರಿರುವಾದಲ್ಲಿ ನವೆಂಬರ್ ತಿಂಗಳ ಗಾಳಿಯಲ್ಲಿ ಬಟ್ಟೆ ಒಣಹಾಕುವುದೆಂದರೆ ಅರ್ಧ ಕೆಲಸ, ಅರ್ಧ ಕುಸ್ತಿ. ಬೆಡ್‌ಶೀಟು ನನ್ನನ್ನು ಎಳೆದುಕೊಂಡು ಹೊರಟಿತ್ತು. ನಾಲ್ಕು ಕ್ಲಿಪ್ಪುಗಳು ಹಲ್ಲಿನಲ್ಲಿದ್ದವು. ಏಪ್ರನ್ ಜೇಬಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ತೆಗೆದು ಕಿವಿಗಿಟ್ಟರೆ ಶಾಲೆಯ ಜಾನಿಸ್. ಪರೀಕ್ಷೆಗಳ ಉಸ್ತುವಾರಿ ನೋಡುವ ಹೆಂಗಸು, ಹನ್ನೊಂದು ವರ್ಷ ನನ್ನ ಮೇಲಧಿಕಾರಿ. ಬಾಯಿತುಂಬ ಕ್ಲಿಪ್ಪು ಇದ್ದುದರಿಂದ ನಾನು ಬರೀ 'ಹೂಂ, ಹೂಂ' ಅಂದೆ.

ಜಾನಿಸ್ ಹೇಳಿದ್ದಿಷ್ಟು. ಮಲಿಯಾ ಎಂಬ ಹುಡುಗಿ ಹೇಳಿ ನಾನು ಕೂತು ಬರೆದ ಇತಿಹಾಸದ ಉತ್ತರಪತ್ರಿಕೆಯನ್ನು ಮೌಲ್ಯಮಾಪನಕ್ಕೆ ಕಳಿಸದೆ ತಡೆದಿಟ್ಟಿದ್ದಾರೆ. ಪರೀಕ್ಷೆಯ ದಿನ ಕೋಣೆಯ ಗಾಜಿನ ಬಾಗಿಲ ಮುಂದೆ ಹಾದುಹೋದ ಮೇಲ್ವಿಚಾರಕರೊಬ್ಬರು ದೂರು ಕೊಟ್ಟಿದ್ದಾರೆ: ಬರೆಯುವ ಹೆಂಗಸು ತಲೆಯಾಡಿಸಿ ಹುಡುಗಿಗೆ ಸರಿ ತಪ್ಪು ಸೂಚಿಸುತ್ತಿದ್ದರು ಎಂದು. ಗುರುವಾರ ಹತ್ತು ಗಂಟೆಗೆ ವಿಚಾರಣೆ, ವೆಲ್ಲಿಂಗ್ಟನ್ನಿನಿಂದ ಅಧಿಕಾರಿ ಬರುತ್ತಾರೆ. ಆರೋಪ ನಿಜವೆಂದಾದರೆ ಪತ್ರಿಕೆ ರದ್ದು.

ನಾನು 'ಹೂಂ' ಅನ್ನಲು ಬಾಯಿ ತೆರೆದೆ. ಕ್ಲಿಪ್ಪುಗಳು ಉದುರಿದವು. ಬೆಡ್‌ಶೀಟು ಹಾರಿ ಪಕ್ಕದ ಮನೆಯ ನಿಂಬೆಗಿಡಕ್ಕೆ ಸುತ್ತಿಕೊಂಡಿತು. ಪಕ್ಕದವರು ಮನೆಯಲ್ಲಿರಲಿಲ್ಲ ಎನ್ನುವುದು ಆ ದಿನ ಶಿವ ನನಗೆ ಮಾಡಿದ ಒಂದೇ ದಯೆ.

ಇದನ್ನೆಲ್ಲ ಬರೆಯಲು ಹಚ್ಚಿದವಳು ಫರ್ಹಾನಾ. ದಾವಣಗೆರೆಯ ಹುಡುಗಿ, ನಮ್ಮಿಂದ ಎರಡು ಬೀದಿ ಆಚೆ ಮನೆ, ಗಂಡನದು ಟೈಲ್ಸ್ ವ್ಯಾಪಾರ. ಈ ವರ್ಷ ಅವಳೂ ಇದೇ ಕೆಲಸಕ್ಕೆ ಹೆಸರು ಕೊಟ್ಟಿದ್ದಾಳೆ. "ಆಂಟಿ, ಏನೇನು ಮಾಡ್ಬೇಕು, ಏನೇನು ಮಾಡ್ಬಾರ್ದು ಅಂತ ಒಂದು ಚೀಟಿ ಬರ್ಕೊಡ್ರಿ" ಅಂದಳು. ಚೀಟಿ ಬರೆಯಲು ಕೂತೆ. ಹನ್ನೊಂದು ವರ್ಷ ಒಂದು ಚೀಟಿಯಲ್ಲಿ ಹಿಡಿಸಲಿಲ್ಲ.

ಕೆಲಸದ ಹೆಸರು ರೀಡರ್-ರೈಟರ್. ಅಕ್ಷರಗಳು ಕಣ್ಣ ಮುಂದೆ ನಿಲ್ಲದ ಮಕ್ಕಳಿರುತ್ತಾರೆ, ಕೈ ಮುರಿದುಕೊಂಡವರಿರುತ್ತಾರೆ, ಕಣ್ಣು ಮಂದವಾದವರಿರುತ್ತಾರೆ. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸುತ್ತಾರೆ. ಪ್ರಶ್ನೆಯನ್ನು ನಾವು ಓದಿ ಹೇಳಬೇಕು, ಉತ್ತರವನ್ನು ಅವರು ಬಾಯಲ್ಲಿ ಹೇಳುತ್ತಾರೆ, ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಒಂದು ಮಾತು ಕೂಡಿಸುವ ಹಾಗಿಲ್ಲ, ಒಂದು ಮಾತು ಕಳೆಯುವ ಹಾಗಿಲ್ಲ. ಹೊಡೆದುಹಾಕು ಅಂದರೆ ಒಂದೇ ಗೆರೆ ಎಳೆದು ಹೊಡೆಯಬೇಕು, ಕೆಳಗಿನ ಅಕ್ಷರ ಕಾಣುತ್ತಿರಬೇಕು. ನಾನು ಬಾಗಲಕೋಟೆಯಲ್ಲಿ ಬಿ.ಎ. ಮಾಡಿದವಳು. ಮಗಳು ಕಾಲೇಜು ಸೇರಿದ ಮೇಲೆ ಮನೆ ಖಾಲಿ ಅನ್ನಿಸುತ್ತಿದ್ದಾಗ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸ ಸಿಕ್ಕಿತು.

ವಿಷಯ ಯಾವುದು ಬರುತ್ತದೋ ನಮ್ಮ ಕೈಯಲ್ಲಿಲ್ಲ. ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು ಮೊದಲೇ ಇದ್ದರು. ನನ್ನ ಪಾಲಿಗೆ ಇತಿಹಾಸ ಬಂತು. ಆ ಶಾಲೆಯ ಇತಿಹಾಸದ ಮೇಡಂಗೆ ಹತ್ತೊಂಬತ್ತನೆಯ ಶತಮಾನದ ಯುರೋಪ್ ಅಂದರೆ ಪ್ರಾಣ. ಹಾಗಾಗಿ ರೊಟ್ಟಿ ಬಡಿಯುವ ಈ ಕೈ ಹನ್ನೊಂದು ವರ್ಷ ಯುರೋಪಿನ ದೊರೆಗಳನ್ನು ಸಿಂಹಾಸನದಿಂದ ಇಳಿಸಿತು, ಗಿರಣಿಗಳಿಗೆ ಬೀಗ ಹಾಕಿತು, ಬೀದಿಗೆ ಅಡ್ಡಗಟ್ಟೆ ಕಟ್ಟಿತು. ಸಂಜೆ ಮನೆಗೆ ಬಂದು ಹಾಲಿಗೆ ಹೆಪ್ಪು ಹಾಕಿತು.

ಮೊದಲನೆಯ ವರ್ಷವೇ ತಪ್ಪು ಮಾಡಿದೆ. ಪ್ರಶ್ನೆಯನ್ನು ಓದುವಾಗ ಯಾವ ಪದಕ್ಕೂ ಒತ್ತು ಕೊಡಬಾರದು. ನನಗೋ ಮನೆಯಲ್ಲಿ ಪುರಾಣ ಓದಿ ರೂಢಿ. 'ಕೈಗಾರಿಕೆಯ ಬೆಳವಣಿಗೆಯಿಂದ ಯಾರ ಬದುಕು ಹೆಚ್ಚು ಬದಲಾಯಿತು' ಎಂಬ ಸಾಲನ್ನು ದೇವಿ ರಾಕ್ಷಸನನ್ನು ಕೊಲ್ಲುವ ಅಧ್ಯಾಯದ ಹಾಗೆ ಓದಿಬಿಟ್ಟೆ. ಎದುರಿಗಿದ್ದ ಹುಡುಗಿ ಕುರ್ಚಿ ಹಿಂದೆ ಸರಿಸಿದಳು. ಜಾನಿಸ್ ಆಮೇಲೆ ನನ್ನನ್ನು ಕರೆದು, ವಾಷಿಂಗ್ ಮೆಷಿನ್ನಿನ ಜೊತೆ ಬರುವ ಪುಸ್ತಕವನ್ನು ಹೇಗೆ ಓದುತ್ತೀಯೋ ಹಾಗೆ ಓದು ಎಂದಳು. ಅದನ್ನು ನಾನು ಓದಿಯೇ ಇರಲಿಲ್ಲ. ಮನೆಗೆ ಬಂದು ಹುಡುಕಿ ತೆಗೆದು ಒಂದು ವಾರ ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಹೊಸ ಧಾಟಿ ಬಂತು, ಮೆಷಿನ್ನಿನಲ್ಲಿ ಉಣ್ಣೆಗೆ ಬೇರೆ ಗುಂಡಿ ಇದೆ ಎಂಬುದೂ ಗೊತ್ತಾಯಿತು.

ಎರಡನೆಯ ವರ್ಷ ಅತ್ತುಬಿಟ್ಟೆ. ಒಬ್ಬ ಹುಡುಗಿ ಹತ್ತಿ ಗಿರಣಿಯ ಮಕ್ಕಳ ಬಗ್ಗೆ ಹೇಳುತ್ತಿದ್ದಳು. ಓಡುವ ಯಂತ್ರದ ಅಡಿಗೆ ತೂರಿ ಹತ್ತಿಯ ಎಳೆ ಗುಡಿಸುವ ಮಕ್ಕಳು, ನಿದ್ದೆಗಣ್ಣಿನಲ್ಲಿ ಬೆರಳು ಕಳೆದುಕೊಂಡವರು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ, ಟಪ್ ಅಂತ ಒಂದು ಹನಿ ಕಾಗದದ ಮೇಲೆ ಬಿತ್ತು. ಪತ್ರಿಕೆಯ ಮೇಲೆ ಏನೇ ಬಿದ್ದರೂ ವರದಿ ಬರೆಯಬೇಕು. ಜಾನಿಸ್ ಫಾರ್ಮು ತಂದಳು. 'ದ್ರವದ ಸ್ವರೂಪ' ಎಂಬ ಕಲಮು ಇತ್ತು. ನೀರು, ಚಹಾ, ರಕ್ತ, ಇತರೆ. ನಾನು 'ಇತರೆ'ಗೆ ಗುರುತು ಹಾಕಿದೆ. ಜಾನಿಸ್ ಸಹಿ ಮಾಡಿದಳು. ಮಾರನೆಯ ದಿನದಿಂದ ನನ್ನ ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇರುತ್ತಿತ್ತು.

ಹೇಮಿಶ್ ಎಂಬ ರೈತರ ಮನೆಯ ಹುಡುಗನಿದ್ದ. ಬಲಗೈ ಮುರಿದುಕೊಂಡು ಬಂದಿದ್ದ. ಕೈಗಾರಿಕಾ ಕ್ರಾಂತಿಯಿಂದ ಯಾರಿಗೆ ಲಾಭವಾಯಿತು ಎಂದು ಓದಿ ಹೇಳಿದರೆ ನಲವತ್ತು ನಿಮಿಷ ಕಿಟಕಿ ನೋಡಿದ. ಆಮೇಲೆ, "ಕುರಿಗಂತೂ ಆಗ್ಲಿಲ್ಲ" ಅಂದ. ಬರೆದೆ. ಅಲ್ಲಿಂದ ಶುರುವಾದವನು ನಿಲ್ಲಲಿಲ್ಲ. ಇಂಗ್ಲೆಂಡಿನ ಗಿರಣಿಗಳ ಹೊಟ್ಟೆ ತುಂಬಿಸಲು ಈ ದ್ವೀಪದ ಗುಡ್ಡಗಳನ್ನೆಲ್ಲ ಬೋಳಿಸಿ ಕುರಿ ಬಿಟ್ಟದ್ದು, ಉಣ್ಣೆ ಹಡಗು ಹತ್ತಿದ್ದು, ಅಲ್ಲಿ ಬಟ್ಟೆಯಾಗಿ ಇಲ್ಲಿಗೇ ಮಾರಾಟಕ್ಕೆ ಬಂದದ್ದು. ಅಷ್ಟೂ ಹತ್ತೇ ನಿಮಿಷದಲ್ಲಿ. ನನ್ನ ಕೈಯೇ ಆವಿಯಂತ್ರವಾಯಿತು. ಸಂಜೆ ಬೆರಳು ಬಿಡಿಸಲು ಬಾರದೆ ನಮ್ಮ ಮನೆಯವರೇ ನನಗೆ ಅನ್ನ ಕಲಸಿ ಕೊಟ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಅದು ಮೊದಲ ಸಲ. ಹೇಮಿಶ್ ಚೆನ್ನಾಗಿರಲಿ.

ಫರ್ಹಾನಾ, ಈ ಕೆಲಸದಲ್ಲಿ ಕೈ ನೋಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆಯೊಳಗೆ ಕಚಗುಳಿ ಇಟ್ಟಂತಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಫ್ರಾನ್ಸಿನಲ್ಲಿ ರಾಜಕೀಯ ಸಭೆ ಸೇರಬಾರದು ಎಂದು ಕಟ್ಟಪ್ಪಣೆ ಇತ್ತಂತೆ. ಜನ ಏನು ಮಾಡಿದರು ಗೊತ್ತೆ? ಸಭೆ ಬಿಟ್ಟು ಊಟಕ್ಕೆ ಕರೆದರು. ಎಲೆ ಹಾಕಿ ಕೂರಿಸಿ, ಬಡಿಸುವ ನಡುವೆ ಎದ್ದು ನಿಂತು ಭಾಷಣ. ಊರೂರಿಗೆ ಊಟ. ಕೊನೆಗೆ 1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಊಟಕ್ಕೇ ಸರಕಾರ ನಿಷೇಧ ಹಾಕಿತು. ಜನ ಬೀದಿಗಿಳಿದರು, ಮೂರೇ ದಿನದಲ್ಲಿ ದೊರೆ ಕೆನ್ನೆಗೂದಲು ಬೋಳಿಸಿಕೊಂಡು, ಸ್ಮಿತ್ ಎಂಬ ಸಾದಾ ಹೆಸರು ಹೇಳಿಕೊಂಡು ಇಂಗ್ಲೆಂಡಿಗೆ ಓಡಿದ. ಇದನ್ನು ಬರೆಯುವಾಗ ನನಗೆ ನಗು ತಡೆಯಲಾಗದೆ ಕೆನ್ನೆಯ ಒಳಭಾಗ ಕಚ್ಚಿಕೊಂಡೆ. ನೂರು ಜನಕ್ಕೆ ಅಡುಗೆ ಮಾಡಿ ಇಟ್ಟ ಮೇಲೆ ಊಟ ಬೇಡ ಎಂದರೆ ಏನಾಗುತ್ತದೆ ಎಂದು ಯಾವ ಹೆಂಗಸನ್ನಾದರೂ ಆ ದೊರೆ ಕೇಳಬೇಕಿತ್ತು.

ವಾದಗಳ ಗೊಂದಲವೂ ಅಡುಗೆಮನೆಯಲ್ಲೇ ಬಿಡಿಸಿಕೊಂಡದ್ದು. ಅವರವರಿಗೆ ಬೇಕಾದ್ದನ್ನು ಅವರವರು ಮಾಡಿಕೊಳ್ಳಲಿ ಅನ್ನುವವನು ಉದಾರವಾದಿ. ಎಲ್ಲರೂ ಸೇರಿ ಮಾಡೋಣ, ಎಲ್ಲರಿಗೂ ಸಮ ಬಡಿಸೋಣ ಅನ್ನುವವನು ಸಮಾಜವಾದಿ. ಈ ತಟ್ಟೆಯಲ್ಲಿ ನಮ್ಮ ರೊಟ್ಟಿಯೊಂದೇ ಇರಬೇಕು ಅನ್ನುವವನು ರಾಷ್ಟ್ರವಾದಿ. ಅತ್ತೆಯ ಕಾಲದಲ್ಲಿ ಹೇಗಿತ್ತೋ ಹಾಗೇ ಇರಲಿ ಅನ್ನುವವನು ಸಂಪ್ರದಾಯವಾದಿ. ಇಷ್ಟು ವಿವರಿಸಿ, ನೀವು ಇದರಲ್ಲಿ ಯಾರು ಎಂದು ನಮ್ಮ ಮನೆಯವರನ್ನು ಕೇಳಿದೆ.

"ನಾ ಉಣ್ಣಾಂವ" ಅಂದರು. "ಬಡಿಸು."

ಇಂಥ ಕೆಲಸದಲ್ಲಿ ನನಗಿದ್ದ ಒಂದೇ ದೊಡ್ಡ ದೋಷ ನನ್ನ ತಲೆ. ಅಂದರೆ ಕುತ್ತಿಗೆಯ ಮೇಲಿನ ತಲೆ. ಯಾರಾದರೂ ಮಾತಾಡಿದರೆ ಅದು ತನ್ನಷ್ಟಕ್ಕೆ ಆಡುತ್ತದೆ, ಬಾಯಿ 'ಹೂಂ' ಅನ್ನುತ್ತದೆ. ನಮ್ಮ ಕಡೆ ಹೂಂಗುಟ್ಟದಿದ್ದರೆ ಹೇಳುವವರು ಕಥೆಯನ್ನೇ ನಿಲ್ಲಿಸಿಬಿಡುತ್ತಾರೆ. ಕೇಳುತ್ತಿದ್ದೇನೆ, ಮುಂದೆ ಹೇಳು ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಅರ್ಥವಿಲ್ಲ. ಈ ದೇಶದವರಿಗೆ ಮಾತ್ರ ತಲೆ ಆಡಿದರೆ ಒಪ್ಪಿಗೆ. ಹೀಗಾಗಿ ನಾನು ಬೇಡದ ಇನ್ಶೂರೆನ್ಸು, ಬೇಡದ ಕಾರ್ಪೆಟ್ ತೊಳೆತ, ಒಮ್ಮೆ ಬೇಡದ ಬೆಕ್ಕು, ಎಲ್ಲಕ್ಕೂ ಒಪ್ಪಿಕೊಂಡು ಮನೆಗೆ ಬಂದಿದ್ದೇನೆ. ಬೆಕ್ಕು ಈಗಲೂ ಇದೆ.

ಜಾನಿಸ್ ಇದನ್ನು ಬಲ್ಲಳು. ತಲೆ ನಿಲ್ಲಿಸು ಎಂದು ಎಷ್ಟೋ ಸಲ ಹೇಳಿದ್ದಳು. ನಾನು ತಲೆಯ ಮೇಲೆ ಸ್ಟೀಲ್ ಲೋಟ ಇಟ್ಟುಕೊಂಡು ಹಿಟ್ಟು ನಾದಿ ಅಭ್ಯಾಸ ಮಾಡಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

"ಏನ್ ನಡಸೀ ಇದು?"

"ತಲಿ ಅಲ್ಲಾಡಬಾರ್ದಂತ್ರಿ."

"ಮೂವತ್ತು ವರ್ಷ ನಾ ಹೇಳಿದ್ದಕ್ಕ ಒಮ್ಮಿ ಅಲ್ಲಾಡಿಲ್ಲ. ಅಲ್ಲಿ ಯಾಕ ಅಲ್ಲಾಡ್ತೈತಿ?"

ಮಲಿಯಾ ನನ್ನ ಕೊನೆಯ ಎರಡು ವರ್ಷದ ವಿದ್ಯಾರ್ಥಿನಿ. ಸಮೋವಾದ ಮನೆತನ. ಭಾನುವಾರ ಮನೆಮಂದಿಯೆಲ್ಲ ಬಿಳಿ ಬಟ್ಟೆ ಉಟ್ಟು ಚರ್ಚಿಗೆ ಹೋಗುವವರು. ಓದಲು ಬಾರದು, ಆದರೆ ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ. ಶಿಕ್ಷಕಿಯಾಗಬೇಕು, ತನ್ನ ಹಾಗೆ ಅಕ್ಷರ ಹಾರಾಡುವ ಮಕ್ಕಳಿಗೆ ಕಲಿಸಬೇಕು ಎಂಬುದು ಅವಳ ಆಸೆ. ಅದಕ್ಕೆ ವಿಶ್ವವಿದ್ಯಾಲಯದ ಪ್ರವೇಶ ಬೇಕು. ಬೇಕಾದ ಮೂರು ವಿಷಯಗಳಲ್ಲಿ ಎರಡು ಅವಳ ಕೈಸೇರಿದ್ದವು. ಮೂರನೆಯದು ಇತಿಹಾಸ. ಅದೂ ಈ ಒಂದು ಪತ್ರಿಕೆಯ ಮೇಲೆ ನಿಂತಿತ್ತು.

ಅವಳಿಗೆ ಇತಿಹಾಸ ಹೇಳುವಾಗ ಮೈಯೆಲ್ಲ ಬಾಯಿ. ಗಿರಣಿಯ ಮಗ್ಗಗಳ ಸದ್ದಿನಲ್ಲಿ ಮಾತು ಕೇಳದೆ ಹೆಂಗಸರು ತುಟಿ ಅಗಲಿಸಿ, ಹುಬ್ಬು ಎತ್ತಿ, ಮುಖದಲ್ಲೇ ಸಂಸಾರದ ಸುದ್ದಿಯೆಲ್ಲ ಹೇಳಿಕೊಳ್ಳುತ್ತಿದ್ದರು ಎಂದು ಹೇಳುತ್ತ ಅವಳೂ ಹಾಗೇ ಮುಖ ಮಾಡುತ್ತಿದ್ದಳು. ಮುಖವನ್ನು ನಾನು ಬರೆಯುವ ಹಾಗಿರಲಿಲ್ಲ. ಸೆಪ್ಟೆಂಬರಿನ ಅಭ್ಯಾಸ ಪರೀಕ್ಷೆಯಲ್ಲಿ ನಾನು ಲೋಟದ ಅಭ್ಯಾಸದ ಬಲದಿಂದ ತಲೆ ಗಟ್ಟಿ ಹಿಡಿದು ಕೂತೆ. ಮಲಿಯಾ ಎರಡು ವಾಕ್ಯ ಹೇಳಿ ನಿಂತಳು. ಮೂರನೆಯದು ಬರಲೇ ಇಲ್ಲ.

"ಆಂಟಿ, ಸತ್ತೋದ್ರಾ?" ಅಂದಳು. "ಯಾರೂ ಕೇಳ್ತಾ ಇಲ್ಲ ಅನ್ಸುತ್ತೆ ನಂಗೆ."

ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ದಿನದ ಪತ್ರಿಕೆ ಅರ್ಧ ಖಾಲಿ ಹೋಯಿತು. ನವೆಂಬರಿನ ನಿಜವಾದ ಪರೀಕ್ಷೆಗೆ ನಾನು ನನ್ನ ತಲೆಯನ್ನು ಅದರ ಪಾಡಿಗೆ ಬಿಟ್ಟೆ. ಮಲಿಯಾ ಮೂರು ಗಂಟೆ ಹೊಳೆಯ ಹಾಗೆ ಹರಿದಳು. ಅದನ್ನೇ ಗಾಜಿನ ಆಚೆಯಿಂದ ಆ ಮೇಲ್ವಿಚಾರಕರು ನೋಡಿದ್ದು.

ಗುರುವಾರ ಬಂತು. ಜಾನಿಸ್‌ಳ ಕೋಣೆಯಲ್ಲಿ ನಾವು ನಾಲ್ವರು: ಜಾನಿಸ್, ಮಲಿಯಾ, ನಾನು, ವೆಲ್ಲಿಂಗ್ಟನ್ನಿನಿಂದ ಬಂದ ಗ್ರೇಮ್ ಎಂಬ ಅಧಿಕಾರಿ. ಸಣ್ಣ ದನಿಯ, ತೆಳ್ಳಗಿನ ಮನುಷ್ಯ. ದೂರನ್ನು ಒಂದೊಂದೇ ವಾಕ್ಯವಾಗಿ ಓದತೊಡಗಿದರು. ಪರೀಕ್ಷೆಯ ಉದ್ದಕ್ಕೂ ನೀವು ತಲೆಯಾಡಿಸಿದ್ದೀರಿ. ನಾನು ತಲೆಯಾಡಿಸಿದೆ. ಹುಡುಗಿ ನಿಮ್ಮ ಮುಖ ನೋಡಿ ಮುಂದುವರಿಯುತ್ತಿದ್ದಳು. ಹೂಂ. ಇದರಿಂದ ಅವಳಿಗೆ ಅನುಚಿತ ನೆರವು ದೊರಕಿದೆ. ಹೂಂ. ಗ್ರೇಮ್ ಪೆನ್ನು ತೆಗೆದು, ಆರೋಪವನ್ನು ಒಪ್ಪಿಕೊಂಡಿದ್ದೀರಿ ಎಂದು ಬರೆದುಕೊಳ್ಳುತ್ತೇನೆ ಎಂದರು. ಇಲ್ಲ, ಒಪ್ಪಿಲ್ಲ ಎಂದೆ. ಹೇಳುವಾಗಲೂ ತಲೆ ಆಡುತ್ತಿತ್ತು.

ಜಾನಿಸ್ ನನಗಾಗಿ ಟಿಶ್ಯೂ ಹುಡುಕಿದಳು. ಈ ಹೆಂಗಸು ಫೋಟೋಕಾಪಿ ಯಂತ್ರದ ಸದ್ದಿಗೂ ತಲೆಯಾಡಿಸುತ್ತಾಳೆ, ನಾನೇ ಕಂಡಿದ್ದೇನೆ ಎಂದಳು. ಮಲಿಯಾ ಅಲ್ಲಿಯವರೆಗೆ ಉಗುರು ಕಚ್ಚುತ್ತ ಕೂತಿದ್ದವಳು ಎದ್ದಳು.

"ಆಂಟಿಗೆ ಏನಾದ್ರೂ ಸುಳ್ಳು ಹೇಳಿ ನೋಡಿ" ಅಂದಳು. "ಬರೀ ಸುಳ್ಳೇ ಹೇಳಿ."

ಗ್ರೇಮ್ ಸ್ವಲ್ಪ ಯೋಚಿಸಿದರು. ಗಂಟಲು ಸರಿಮಾಡಿಕೊಂಡು, 1848ರಲ್ಲಿ ಫ್ರಾನ್ಸಿನ ದೊರೆ ದೇಶ ಬಿಟ್ಟು ಓಡಿ ಪೊರಿರುವಾಕ್ಕೆ ಬಂದ ಎಂದರು. ಹೂಂ ಅಂದೆ. ಇಲ್ಲಿ ಫಿಶ್ ಅಂಡ್ ಚಿಪ್ಸ್ ಅಂಗಡಿ ಇಟ್ಟ. ಹೂಂ. ಅವನ ಹಿಂದೆಯೇ ವಿಯೆನ್ನಾದ ಮುದಿ ಮಂತ್ರಿಯೂ ಬಂದು ಆಲೂಗಡ್ಡೆ ಸಿಪ್ಪೆ ಸುಲಿಯುವ ಕೆಲಸಕ್ಕೆ ಸೇರಿದ. ನಾನು ಮುಂದಕ್ಕೆ ಬಾಗಿದೆ. ಆವಿಯಂತ್ರವನ್ನು ಕಂಡುಹಿಡಿದದ್ದು ಕುರಿಗಳು. ಹೂಂ. ಗಿರಣಿ ಕಾರ್ಮಿಕರ ಒಂದೇ ಬೇಡಿಕೆ ಪಾವ್ಲೋವಾ ಕೇಕು. ಇದಕ್ಕಂತೂ ತಲೆ ಎರಡು ಸುತ್ತು ಹೆಚ್ಚು ಆಡಿತು. ತಲೆಯ ಪರೀಕ್ಷೆ ಮುಗಿದಿತ್ತು, ನಿಲ್ಲಿಸಬಹುದಿತ್ತು. ಆದರೆ ಗ್ರೇಮ್ ನಿಲ್ಲಿಸಲಿಲ್ಲ. ಕೆನ್ನೆ ಕೆಂಪಾಗಿತ್ತು, ದನಿ ಏರಿತ್ತು. ಕುರಿಗಳು ಸಂಘ ಕಟ್ಟಿದವು, ಬ್ಯಾರಿಕೇಡಿನ ಮೇಲೆ ನಿಂತವು, ಬರ್ಲಿನ್ನಿನ ದೊರೆ ಅವುಗಳ ಮುಂದೆ ಟೋಪಿ ತೆಗೆದ. ಪಾಪ, ಕಚೇರಿಯಲ್ಲಿ ಆ ಮನುಷ್ಯನ ಮಾತನ್ನು ಅಷ್ಟು ಅಕ್ಕರೆಯಿಂದ ಯಾರೂ ಕೇಳಿರಲಿಲ್ಲವೇನೋ. ಹೂಂಗುಟ್ಟುವವರೊಬ್ಬರು ಸಿಕ್ಕ ಕೂಡಲೇ ಅರಳಿಬಿಟ್ಟರು. ಜಾನಿಸ್ ಮೇಜಿನ ಮೇಲೆ ತಲೆ ಇಟ್ಟು ನಗುತ್ತಿದ್ದಳು. ಮಲಿಯಾ ನಕ್ಕೂ ನಕ್ಕೂ ಬಿಕ್ಕಳಿಸಿದಳು. ನನಗೂ ತಲೆ ತಿರುಗಿದ ಹಾಗಾಗಿ ಕುರ್ಚಿಯ ಕೈ ಹಿಡಿದುಕೊಂಡೆ.

ಕೊನೆಗೆ ಗ್ರೇಮ್ ಕನ್ನಡಕ ಒರೆಸಿಕೊಂಡು, ಸರಿಗೂ ತಪ್ಪಿಗೂ ಒಂದೇ ತೆರನಾಗಿ ಆಡುವ ತಲೆಯಿಂದ ಯಾರಿಗೂ ಏನೂ ತಿಳಿಯಲಾರದು, ಪತ್ರಿಕೆಯನ್ನು ಮೌಲ್ಯಮಾಪನಕ್ಕೆ ಬಿಡುತ್ತೇನೆ ಎಂದರು. ಫೈಲು ಮುಚ್ಚಿದರು. ಎದ್ದು ನಿಂತರು. ಜಾನಿಸ್ ಬಾಗಿಲು ತೆರೆದಳು. ಮಲಿಯಾ ನನ್ನ ಭುಜ ಹಿಡಿದು ಅಲುಗಿಸಿದಳು.

ಫರ್ಹಾನಾ, ಚೀಟಿಯಲ್ಲಿ ಹಿಡಿಸದೆ ಹೋದದ್ದು ಇದೇ. ತಲೆ ಆಡಿದ್ದು ತಪ್ಪಲ್ಲ. ಆ ದಿನ ಪರೀಕ್ಷೆಯಲ್ಲಿ ಒಂದು ಸಲ ಅದು ನಿಂತಿತ್ತು.

ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಮಲಿಯಾ ದಣಿದಿದ್ದಳು. 1848ರ ಕ್ರಾಂತಿಗಳ ಪರಿಣಾಮ ಹೇಳುತ್ತ, ಎಲ್ಲ ಕಡೆ ಜನ ಗೆದ್ದರು, ಮುಂದಿನ ವರ್ಷದ ಹೊತ್ತಿಗೆ ಯುರೋಪಿನಲ್ಲಿ ದೊರೆಗಳೇ ಉಳಿಯಲಿಲ್ಲ ಎಂದುಬಿಟ್ಟಳು. ನಾನು ಬರೆದೆ. ಬರೆಯುತ್ತಿದ್ದಂತೆ ನನ್ನ ತಲೆ ನಿಂತಿತು. ಬೇಕೆಂದು ನಿಲ್ಲಿಸಿದೆನೋ, ತಾನೇ ನಿಂತಿತೋ, ಪ್ರಾಮಾಣಿಕವಾಗಿ ಹೇಳಲಾರೆ. ಅವಳು ನನ್ನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ, "ಅದನ್ನ ಹೊಡೆದುಹಾಕಿ ಆಂಟಿ" ಅಂದಳು. ಬಹಳ ಕಡೆ ಕ್ರಾಂತಿ ಸೋತಿತು, ಸೈನ್ಯ ಬಂತು, ದೊರೆಗಳು ಮರಳಿ ಬಂದರು, ಆದರೆ ಜನರ ಬೇಡಿಕೆಗಳು ಮರಳಿ ಮಲಗಲಿಲ್ಲ ಎಂದು ಹೇಳಿ ಮುಗಿಸಿದಳು. ನಾನು ಒಂದೇ ಗೆರೆ ಎಳೆದು ಮೊದಲಿನದನ್ನು ಹೊಡೆದೆ. ತಲೆ ಮತ್ತೆ ಆಡತೊಡಗಿತು.

ನಾನು ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುವವಳು. ಫೋನು ಬಂದ ಮೇಲೆ ಗುರುವಾರದವರೆಗೂ ಹಾಗೇ ಕೂತಿದ್ದೆ, ಎದುರಿಗೆ ಅದೊಂದು ಹೊಡೆದ ಸಾಲೇ ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ನಗುತ್ತ ಮನೆಗೆ ಹೋಗುತ್ತಿದ್ದರು. ಬಾಗಿಲಿಗೆ ಹೊರಟಿದ್ದವರಿಗೆ ನಾನು, ಒಂದು ನಿಮಿಷ ಕೂತುಕೊಳ್ಳಿ ಎಂದೆ. ಗ್ರೇಮ್ ಮತ್ತೇನೋ ತಮಾಷೆ ಇದೆ ಎಂದು ನಗುತ್ತಲೇ ಕೂತರು. ಹೇಳಿದೆ. ಯಾವ ಪುಟ, ಯಾವ ಸಾಲು ಎಂದು ತೋರಿಸಿದೆ. ಅವರ ನಗು ನಿಧಾನವಾಗಿ ಇಳಿಯಿತು. ಆ ಸಾಲನ್ನು ಬಹಳ ಹೊತ್ತು ನೋಡಿದರು. ನೀನು ಅವರ ತಲೆ ನಿಂತದ್ದನ್ನು ಕಂಡೇ ಬದಲಿಸಿದೆಯಾ ಎಂದು ಮಲಿಯಾಳನ್ನು ಕೇಳಿದರು. ಮಲಿಯಾ ನೆಲ ನೋಡಿದಳು.

"ಗೊತ್ತಿಲ್ಲ" ಅಂದಳು. "ಇರಬಹುದು."

ಗ್ರೇಮ್ ಪತ್ರಿಕೆಯನ್ನು ರದ್ದು ಮಾಡಲಿಲ್ಲ. ಹೊಡೆದ ಸಾಲಿನಿಂದ ಕೆಳಗಿನದಕ್ಕೆಲ್ಲ ಕೆಂಪು ಗೆರೆ ಎಳೆದರು. ಇದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಉಳಿದದ್ದಕ್ಕೆ ಏನು ಬರುತ್ತದೋ ಅದು ಎಂದರು. ಹೋದದ್ದು ಅವಳ ಮುಕ್ತಾಯ. ಇಡೀ ಪ್ರಬಂಧದಲ್ಲಿ ಅತ್ಯುತ್ತಮವಾದದ್ದು ಅದೇ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಕಾರ್ ಪಾರ್ಕಿನಲ್ಲಿ ಮಲಿಯಾ ನನ್ನ ಕಡೆ ತಿರುಗಿದಳು.

"ಆಂಟಿ, ಅವ್ರು ಹೊರಟಿದ್ರು. ಬಾಗ್ಲು ತೆಗೆದಿತ್ತು."

ಅವಳು ಬಸ್ಸಿನ ಕಡೆ ನಡೆದಳು, ತಿರುಗಿ ನೋಡಲಿಲ್ಲ.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಚಹಾ ಮಾಡಿ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಹುಡುಗಿ ಪಾಸಾಗ್ಲಿಲ್ಲಂದ್ರ ಏನ್ ಮಾಡ್ತಿ?" ಎಂದರು. ಬೈಗುಳವಲ್ಲ, ಪ್ರಶ್ನೆಯೇ. ಆರು ವಾರ ಆ ಪ್ರಶ್ನೆ ನಮ್ಮ ಜೊತೆ ಉಂಡಿತು, ಮಲಗಿತು, ಎದ್ದಿತು.

ಆ ಡಿಸೆಂಬರಿಗೆ ನಾನು ಕೆಲಸ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಹೇಗೂ ಶಾಲೆಗೆ ಕಂಪ್ಯೂಟರು ಬಂದಿತ್ತು. ಕಿವಿಗೆ ಹೆಡ್‌ಫೋನು ಹಾಕಿಕೊಂಡರೆ ಅದೇ ಪ್ರಶ್ನೆ ಓದುತ್ತದೆ, ಹೇಳಿದ್ದನ್ನು ಅದೇ ಟೈಪ್ ಮಾಡುತ್ತದೆ. ಜಾನಿಸ್ ಮೊದಲ ಸಲ ಅದನ್ನು ತೋರಿಸಿದಾಗ ನನಗೆ ಗಿರಣಿಯ ಯಂತ್ರಗಳನ್ನು ಒಡೆದುಹಾಕಿದ ಇಂಗ್ಲೆಂಡಿನ ನೇಕಾರರ ನೆನಪಾಗಿ ಒಂದು ಗಳಿಗೆ ಸುತ್ತಿಗೆ ಎಲ್ಲಿದೆ ಎಂದು ಕಣ್ಣು ಹುಡುಕಿತ್ತು. ಆಮೇಲೆ ನ್ಯಾಯವಾಗಿ ಯೋಚಿಸಿದೆ. ಅದಕ್ಕೆ ಕೈ ನೋಯುವುದಿಲ್ಲ, ಅದು ಪತ್ರಿಕೆಯ ಮೇಲೆ ದ್ರವ ಬೀಳಿಸುವುದಿಲ್ಲ, ಅದರ ತಲೆ ಆಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆದರೂ ಕೆಲವು ಮಕ್ಕಳು ಮನುಷ್ಯರೇ ಬೇಕು ಅನ್ನುತ್ತಾರೆ. ಫರ್ಹಾನಾ, ನಿನಗೆ ಕೆಲಸ ಸಿಕ್ಕಿರುವುದು ಅಂಥ ಮಕ್ಕಳಿಂದ. ನೀನು ತಲೆಯಾಡಿಸುವವಳಾದರೆ ಕೊನೆಯವರೆಗೂ ಆಡಿಸುತ್ತಿರು. ಹುಡುಗ ಕುರಿಗೆ ಕಿರೀಟ ಇಟ್ಟರೂ ಆಡಿಸು. ಅವನ ತಪ್ಪು ಅವನದು, ಅದನ್ನು ಅವನಿಂದ ಕಸಿದುಕೊಳ್ಳಬೇಡ.

ಜನವರಿಯಲ್ಲಿ ಫಲಿತಾಂಶ ಬರುವ ದಿನ ಗೊತ್ತಿತ್ತು. ಅವಳಾಗಿ ಹೇಳದೆ ಕೇಳುವ ಹಕ್ಕು ನನಗಿಲ್ಲ ಎಂದು ಸುಮ್ಮನಿದ್ದೆ. ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಗ ಫೋನು ಬಂತು. ಮಲಿಯಾ ಹಲೋ ಕೂಡ ಅನ್ನಲಿಲ್ಲ.

"ಪಾಸು" ಅಂದಳು. "ಬರೀ ಪಾಸು, ಆಂಟಿ. ಮೇಡಂ ಹೇಳಿದ್ರು, ಆ ಕೊನೇ ಪ್ಯಾರಾ ಇದ್ದಿದ್ರೆ ಎಕ್ಸಲೆನ್ಸ್ ದರ್ಜೆನೇ ಬರ್ತಿತ್ತಂತೆ."

"ಯೂನಿವರ್ಸಿಟಿ?"

"ಫೆಬ್ರವರಿಯಿಂದ."

ನನ್ನ ಎದೆಯಲ್ಲಿ ಆರು ವಾರದಿಂದ ಕೂತಿದ್ದದ್ದು ಎದ್ದುಹೋಯಿತು. ಮೆಟ್ಟಿಲು ಸ್ವಲ್ಪ ತೇಲಿದ ಹಾಗೆ ಅನ್ನಿಸಿತು. ಶಿವಾ ಅಂದೆ, ಜೋರಾಗಿಯೇ ಅಂದಿರಬೇಕು.

"ಇನ್ನೂ ಸಿಟ್ಟಿದೆ ನಂಗೆ" ಅಂದಳು.

"ಇರಲಿ."

"ಆದ್ರೆ ಪಾಸಾಗಿದ್ದಷ್ಟು ನಂದೇ. ಅಷ್ಟೂ ನಂದೇ. ಅದಕ್ಕೆ ಮಾತ್ರ ಯಾರೂ ಏನೂ ಅನ್ನೋ ಹಾಗಿಲ್ಲ."

"ಅಷ್ಟೂ ನಿಂದೇ" ಎಂದೆ.

ಫೋನು ಇಟ್ಟು ಒಳಗೆ ಹೋದೆ. ಜಾಮ್ ಮಾಡಲೆಂದು ತಂದ ಒಂದು ಬಕೆಟ್ ಪ್ಲಮ್ ಹಣ್ಣು ಸಿಂಕಿನ ಪಕ್ಕದಲ್ಲಿತ್ತು. ಕೈ ತೊಳೆದುಕೊಂಡು, ಸೆರಗು ಸಿಕ್ಕಿಸಿ, ಬೀಜ ತೆಗೆಯಲು ಕೂತೆ.